ಮಿಶ್ರ ಮೀನು ಸಾಕಾಣಿಕೆಯಲ್ಲಿ ವೈರಸ್ ರೋಗ: ಮರಿ ಆರಿಸುವುದರಿಂದ ಹೊಂಡ ಒಣಗಿಸುವವರೆಗೆ

ಬೆಳಿಗ್ಗೆ ಹೊಂಡದಲ್ಲಿ ಸತ್ತ ಮೀನು ತೇಲುತ್ತಿದ್ದರೆ, ಬುಟ್ಟಿಗೆ ತುಂಬುವ ಮೊದಲು ಜಾತಿವಾರು ಎಣಿಸಿ ಬರೆದಿಡಿ. ಕಾಟ್ಲಾ ಎಷ್ಟು, ರೋಹು ಎಷ್ಟು, ಸಾಮಾನ್ಯ ಗೆಂಡೆ ಎಷ್ಟು, ಜಿಲೇಬಿ (ತಿಲಾಪಿಯಾ) ಎಷ್ಟು, ಯಾವ ಗಾತ್ರದವು. ಮಿಶ್ರ ಸಾಕಾಣಿಕೆಯಲ್ಲಿ ಈ ಲೆಕ್ಕಕ್ಕೆ ಇರುವಷ್ಟು ಬೆಲೆ ಬೇರಾವುದಕ್ಕೂ ಇಲ್ಲ. ಒಂದೇ ಜಾತಿ ಸಾಕಿದವರಿಗೆ ಇಂಥ ಸುಳಿವು ಸಿಗುವುದಿಲ್ಲ.

ನಸುಕಿನಲ್ಲಿ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆದು, ಕಾಟ್ಲಾ ಮತ್ತು ಬೆಳ್ಳಿಗೆಂಡೆ ಮೊದಲು ಸತ್ತು, ಬಿಸಿಲೇರಿದ ಮೇಲೆ ಉಳಿದವು ಚೇತರಿಸಿಕೊಂಡರೆ ಅದು ಆಮ್ಲಜನಕದ ಕೊರತೆ. ಮಳೆ ಬಿದ್ದ ಮರುದಿನ ಚಿಕ್ಕದು ದೊಡ್ಡದು ಎನ್ನದೆ ಎಲ್ಲವೂ ಒಟ್ಟಿಗೆ ಸತ್ತು, ನೀರಿನ ಹುಳುಗಳೂ ಸತ್ತಿದ್ದರೆ ದ್ರಾಕ್ಷಿ, ದಾಳಿಂಬೆ ಅಥವಾ ಕಬ್ಬಿಗೆ ಹೊಡೆದ ಔಷಧಿ ಹರಿದು ಬಂದಿದೆಯೇ ನೋಡಿ. ರೋಹು ಮೈ ಉಜ್ಜಿಕೊಳ್ಳುತ್ತಿದ್ದು, ಹುರುಪೆಯ ಮೇಲೆ ಚಪ್ಪಟೆ ಹೇನು ಕಣ್ಣಿಗೆ ಕಾಣುತ್ತಿದ್ದರೆ ಅದು ಆರ್ಗುಲಸ್. ಚಳಿಗಾಲದಲ್ಲಿ ಹಲವು ಜಾತಿಗಳ ಮೈಮೇಲೆ ಕೆಂಪು ಹುಣ್ಣು ಎದ್ದರೆ ಇಯುಎಸ್ ಎಂಬ ಹುಣ್ಣು ರೋಗದ ಸಂಶಯ ಬರಬೇಕು. ಅದಕ್ಕೆ ಕಾರಣ ಅಫನೋಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿಯೇ ಹೊರತು ವೈರಸ್ ಅಲ್ಲ.

ವೈರಸ್ಸಿನ ಚಹರೆ ಬೇರೆ. ಒಂದೇ ಜಾತಿಯ ಮೀನು ಸಾಯುತ್ತದೆ. ಮೊದಲ ದಿನ ಎರಡು, ಮರುದಿನ ಐದು, ನಾಲ್ಕನೇ ದಿನ ಮೂವತ್ತು ಎಂಬಂತೆ ಸಾವು ಏರುತ್ತಾ ಒಂದೆರಡು ವಾರ ನಡೆಯುತ್ತದೆ. ಪಕ್ಕದಲ್ಲೇ ಉಳಿದ ಜಾತಿಗಳು ಎಂದಿನಂತೆ ಮೇವು ತಿನ್ನುತ್ತಿರುತ್ತವೆ. ರೈತರು ಮೋಸಹೋಗುವುದು ಇಲ್ಲಿಯೇ. ಮೇವು ತಿನ್ನುವ ಮೀನನ್ನು ಆರೋಗ್ಯವಂತ ಮೀನೆಂದು ಬೇರೆ ಹೊಂಡಕ್ಕೆ ಸಾಗಿಸುತ್ತಾರೆ. ರೋಗ ತೋರದ ಜಾತಿ ವೈರಸ್ಸನ್ನು ಕಿವಿರಿನಲ್ಲೋ ಲೋಳೆಯಲ್ಲೋ ಹೊತ್ತು ಹೋಗಬಲ್ಲದು, ಅದು ಸಾಗಿ ಬಂದ ನೀರಂತೂ ಹೊತ್ತೇ ಹೋಗುತ್ತದೆ.

ಯಾವ ಜಾತಿಗೆ ಯಾವ ವೈರಸ್

ಕಾಟ್ಲಾ, ರೋಹು, ಮೃಗಾಲ್ ಈ ಮೂರರಲ್ಲಿ ದೊಡ್ಡ ಸಾವು ತರುವ ವೈರಸ್ ರೋಗಗಳು ಕಡಿಮೆ. ಜೊತೆಗೆ ಬಿಡುವ ಇತರ ಜಾತಿಗಳೇ ಅಪಾಯದ ಬಾಗಿಲು.

ಸಾಮಾನ್ಯ ಗೆಂಡೆಗೂ ಅದರ ಅಲಂಕಾರಿಕ ತಳಿಯಾದ ಕೋಯಿಗೂ ಕೋಯಿ ಹರ್ಪಿಸ್ ವೈರಸ್ ತಗಲುತ್ತದೆ. ನೀರು ಸುಮಾರು 17ರಿಂದ 28 ಡಿಗ್ರಿ ಇದ್ದಾಗ ಇದರ ಹಾವಳಿ. ಕಿವಿರಿನಲ್ಲಿ ಕೆಂಪು-ಬಿಳಿ ಕಲೆಗಳು ಬಿದ್ದು ಅಂಚು ಕೊಳೆಯುತ್ತದೆ, ಕಣ್ಣು ಗುಳಿ ಬೀಳುತ್ತವೆ, ಮೈ ಲೋಳೆ ಹೆಚ್ಚಿ ಆಮೇಲೆ ಅಲ್ಲಲ್ಲಿ ಒಣಗಿ ಒರಟಾಗುತ್ತದೆ. ಇಂಡೋನೇಷ್ಯಾದಲ್ಲಿ 2002ರಲ್ಲಿ ಕೋಯಿಯೊಂದಿಗೆ ಬಂದ ಈ ರೋಗ ತಿನ್ನುವ ಗೆಂಡೆಯ ಸಾಕಾಣಿಕೆಗೂ ಹಬ್ಬಿ ಭಾರೀ ನಷ್ಟ ಮಾಡಿತು. ಗೋಲ್ಡ್‌ಫಿಶ್ ಮತ್ತು ಹುಲ್ಲುಗೆಂಡೆ ತಾವು ಕಾಯಿಲೆ ಬೀಳದೆ ಈ ವೈರಸ್ಸನ್ನು ಹೊತ್ತಿರಬಲ್ಲವು.

ಕೋಯಿಗೆ ಇನ್ನೊಂದು ರೋಗವಿದೆ, ಕಾರ್ಪ್ ಎಡೀಮಾ ವೈರಸ್. ಭಾರತದ ಕೋಯಿಗಳಲ್ಲಿ ಇದು ಈಗಾಗಲೇ ಪತ್ತೆಯಾಗಿದೆ. ಮೀನು ತಳದಲ್ಲಿ ಅಡ್ಡಬಿದ್ದು ನಿದ್ದೆ ಹೋದಂತೆ ಕಾಣುತ್ತದೆ, ಮುಟ್ಟಿದರೆ ಸ್ವಲ್ಪ ಈಜಿ ಮತ್ತೆ ಬೀಳುತ್ತದೆ. ಸಣ್ಣ ಟ್ಯಾಂಕಿನಲ್ಲಾದರೆ 1,000 ಲೀಟರಿಗೆ 5 ಕಿಲೋ ಉಪ್ಪು ಹಾಕಿ ಮೀನನ್ನು ಉಳಿಸಿಕೊಳ್ಳಲು ಸಾಧ್ಯ. ಕೃಷಿಹೊಂಡದಲ್ಲಿ ಅಷ್ಟು ಉಪ್ಪು ಸುರಿಯುವ ಮಾತೇ ಇಲ್ಲ, ಅದೇ ನೀರು ನಾಳೆ ಬೆಳೆಗೆ ಹೋಗಬೇಕು.

ಜಿಲೇಬಿ, ಅಂದರೆ ತಿಲಾಪಿಯಾ, ತಿಲಾಪಿಯಾ ಲೇಕ್ ವೈರಸ್ಸಿಗೆ ತುತ್ತಾಗುತ್ತದೆ. ಸಂಶೋಧಕರು ಇದನ್ನು ಇಸ್ರೇಲಿನಿಂದ ಮೊದಲು ವಿವರಿಸಿದ್ದು 2014ರಲ್ಲಿ. ಭಾರತದಲ್ಲಿ ಪಶ್ಚಿಮ ಬಂಗಾಳ ಮತ್ತು ಕೇರಳದಿಂದ 2018ರಲ್ಲಿ ವರದಿಯಾಯಿತು. ಮರಿ ಬಿಟ್ಟ ಮೊದಲ ತಿಂಗಳಲ್ಲೇ ಸಾವು ಕಾಣುವುದು ಹೆಚ್ಚು. ಮೈಮೇಲೆ ಕೆಂಪು, ಹುರುಪೆ ಉದುರುವುದು, ಕಣ್ಣು ಮಂಜಾಗುವುದು ಅಥವಾ ಉಬ್ಬುವುದು, ಹೊಟ್ಟೆ ಊದುವುದು ಇದರ ಲಕ್ಷಣ. ನೀರು ಬೆಚ್ಚಗಿರುವ 22ರಿಂದ 32 ಡಿಗ್ರಿಯ ಕಾಲ ಇದಕ್ಕೆ ಅನುಕೂಲ. ತಾಯಿ ಮೀನಿನಿಂದ ಮರಿಗೂ ದಾಟುತ್ತದೆ.

ಸಿಹಿನೀರಿನ ಸೀಗಡಿಯನ್ನು ಗೆಂಡೆಯ ಜೊತೆ ಬಿಡುವವರು ಬಿಳಿ ಬಾಲದ ರೋಗದ ಬಗ್ಗೆ ತಿಳಿದಿರಬೇಕು. ಮರಿ ಸೀಗಡಿಯ ಬಾಲದ ಮಾಂಸ ಹಾಲಿನಂತೆ ಬೆಳ್ಳಗಾಗಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ದೊಡ್ಡ ಸೀಗಡಿ ಸಾಯದೆ ವೈರಸ್ಸನ್ನು ಹೊತ್ತಿರುತ್ತದೆ.

ಈ ಉಷ್ಣತೆಗಳನ್ನು ನಮ್ಮ ವರ್ಷದ ಮೇಲೆ ಇಟ್ಟು ನೋಡಿ. ನವೆಂಬರಿನಿಂದ ಫೆಬ್ರವರಿವರೆಗೆ ಗೆಂಡೆಯ ವೈರಸ್ಸಿಗೆ ಹದ. ಮಳೆಗಾಲದಲ್ಲೂ ಮಾರ್ಚ್-ಏಪ್ರಿಲ್‌ನಲ್ಲೂ ಜಿಲೇಬಿಯ ವೈರಸ್ಸಿಗೆ ಹದ. ಎರಡೂ ಜಾತಿ ಇರುವ ಹೊಂಡಕ್ಕೆ ನಿಶ್ಚಿಂತೆಯ ತಿಂಗಳು ಅಂತ ಹೆಚ್ಚೇನೂ ಉಳಿಯುವುದಿಲ್ಲ. ಇನ್ನೊಂದು ಮಾತು: ಕೋಯಿ ಹರ್ಪಿಸ್ ಬಂದ ಹೊಂಡದ ನೀರು ಬೇಸಿಗೆಯಲ್ಲಿ 30 ಡಿಗ್ರಿ ದಾಟಿದರೆ ಸಾವು ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಹಾಕಿದ ಯಾವುದೋ ಔಷಧಿಗೆ ಕೀರ್ತಿ ಹೋಗುತ್ತದೆ. ಬದುಕಿದ ಗೆಂಡೆಗಳು ವೈರಸ್ಸನ್ನು ಇಟ್ಟುಕೊಂಡೇ ಇರುತ್ತವೆ, ಮುಂದಿನ ಚಳಿಗಾಲಕ್ಕೆ ಹೊಸ ಮರಿಗಳಿಗೆ ದಾಟಿಸುತ್ತವೆ.

ಮೊದಲ ಹೆಜ್ಜೆ: ಜಾತಿಗಳನ್ನು ಆರಿಸುವುದು

ಮೇಲ್ಭಾಗ 21×21 ಮೀಟರ್, ತಳ 12×12 ಮೀಟರ್, ಆಳ 3 ಮೀಟರ್ ಇರುವ ಕೃಷಿಹೊಂಡ ಉತ್ತರ ಕರ್ನಾಟಕದ ಈ ಭಾಗದಲ್ಲಿ ಸಾಮಾನ್ಯ. ತುಂಬಿದಾಗ ಅದರಲ್ಲಿ ಸುಮಾರು 837 ಘನ ಮೀಟರ್ ನೀರಿರುತ್ತದೆ. ಹೆಕ್ಟೇರಿಗೆ 5,000 ಮರಿಯ ಲೆಕ್ಕದಲ್ಲಿ ಇದಕ್ಕೆ ಸುಮಾರು 220 ಮರಿ ಸಾಕು. ಮೇ ತಿಂಗಳಿಗೆ ನೀರು 1 ಮೀಟರಿಗೆ ಇಳಿದರೆ ಉಳಿಯುವುದು ಸುಮಾರು 183 ಘನ ಮೀಟರ್ ಮಾತ್ರ. ತುಂಬಿದಾಗಿನ ಕಾಲು ಭಾಗಕ್ಕೂ ಕಡಿಮೆ, ಮೀನು ಮಾತ್ರ ಆಗಿನದಕ್ಕಿಂತ ನೂರಾರು ಪಟ್ಟು ತೂಕ. ಇಕ್ಕಟ್ಟಿನಲ್ಲಿ ಮೈಗೆ ಮೈ ತಾಗಿ ವೈರಸ್ ಸಲೀಸಾಗಿ ದಾಟುತ್ತದೆ, ಆಮ್ಲಜನಕ ಕುಸಿದು ಮೀನಿನ ತಡೆಯುವ ಶಕ್ತಿಯೂ ಇಳಿಯುತ್ತದೆ. 220ಕ್ಕೆ ಬದಲು 600 ಬಿಡುವವರು ತುಂಬಿದ ಹೊಂಡವನ್ನು ನೋಡಿ ಬಿಡುತ್ತಾರೆ. ಲೆಕ್ಕ ಹಾಕಬೇಕಾದದ್ದು ಮೇ ತಿಂಗಳ ಹೊಂಡಕ್ಕೆ.

ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಕಾಟ್ಲಾ 80, ರೋಹು 80, ಮೃಗಾಲ್ 60 ಬಿಟ್ಟು ನಿಲ್ಲಿಸಿ. ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ತಿನ್ನುವ ಮೀನು. ಹಾಸಿನ ಮೇಲೆ ಕೆಸರೇ ಇಲ್ಲದಾಗ ಅದರಿಂದ ಬರುವ ಹೆಚ್ಚುವರಿ ಇಳುವರಿ ಅಲ್ಪ, ಅದು ತರುವ ಅಪಾಯ ದೊಡ್ಡದು. ಮಣ್ಣಿನ ಕೆರೆಯಲ್ಲಿ ಗೆಂಡೆ ಬೇಕೇ ಬೇಕಾದರೆ ಮೃಗಾಲ್ ಕಡಿಮೆ ಮಾಡಿ, ಒಂದೇ ಕಡೆಯ ಮರಿಯನ್ನು ಒಂದೇ ಸಲ ತನ್ನಿ. ಇವತ್ತು ನೂರು, ತಿಂಗಳು ಬಿಟ್ಟು ಇನ್ನೂ ನೂರು ಎಂದು ತರುವುದು ಬೇಡ. ಪ್ರತಿ ಸಲವೂ ಒಂದು ಹೊಸ ಬಾಗಿಲು ತೆರೆದಂತೆ.

ಜಿಲೇಬಿಯನ್ನೂ ಗೆಂಡೆಯನ್ನೂ ಒಂದೇ ಹೊಂಡದಲ್ಲಿ ಸಾಕಬೇಡಿ. ಬೇಗ ಬೆಳೆಯುವಂತೆ ಸುಧಾರಿಸಿದ ತಳಿಯಾದ ಗಿಫ್ಟ್ ತಿಲಾಪಿಯಾ ಸಾಕಲು ಇಲಾಖೆಯ ಅನುಮತಿ ಬೇಕು, ಮರಿಯೂ ಅನುಮತಿ ಪಡೆದ ಮರಿಕೇಂದ್ರದಿಂದಲೇ ಬರಬೇಕು. ತಾಯಿಮೀನುಗಳ ವೈರಸ್ ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಅಂದಕ್ಕೆಂದು ಹೊಂಡಕ್ಕೆ ನಾಲ್ಕು ಕೋಯಿ, ಗೋಲ್ಡ್‌ಫಿಶ್ ತಂದು ಬಿಡುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಅಕ್ವೇರಿಯಂ ಮೀನು ಹತ್ತು ಊರಿನ ನೀರು ಕುಡಿದು ಬಂದಿರುತ್ತದೆ.

ಹೊಸ ಮರಿಗೆ ಮೂರು ವಾರ ಪ್ರತ್ಯೇಕ ವಾಸ

ಇದನ್ನು ಮಾಡುವವರು ಕಡಿಮೆ. ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

1. ಹೊಂಡದಿಂದ ಕನಿಷ್ಠ ಹತ್ತಿಪ್ಪತ್ತು ಮೀಟರ್ ದೂರ, ಅದರ ನೀರು ಹೊಂಡಕ್ಕೆ ಹರಿಯದ ಕಡೆ 3×2 ಮೀಟರಿನ, 1 ಮೀಟರ್ ಆಳದ ತಾಡಪತ್ರಿ ಟ್ಯಾಂಕ್ ಕಟ್ಟಿ. 6,000 ಲೀಟರ್ ಹಿಡಿಯುತ್ತದೆ. ಏರ್ ಪಂಪ್ ಇರಲಿ, ಕರೆಂಟ್ ಹೋದಾಗ ನಡೆಯುವ ಬ್ಯಾಟರಿಯೂ ಇರಲಿ. ಮೇಲೆ ನೆರಳು ಬಲೆ ಕಟ್ಟಿ.

2. ಮರಿ ಬಂದ ಆಮ್ಲಜನಕದ ಚೀಲವನ್ನು ತೆರೆಯದೆ 15-20 ನಿಮಿಷ ಟ್ಯಾಂಕಿನ ನೀರಿನ ಮೇಲೆ ತೇಲಿಬಿಡಿ. ಬಳಿಕ ಬಕೆಟಿಗೆ ಸುರಿದು, ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಕೈಬಲೆಯಿಂದ ಮರಿಯನ್ನಷ್ಟೇ ಎತ್ತಿ ಟ್ಯಾಂಕಿಗೆ ಬಿಡಿ. ಚೀಲದ ನೀರನ್ನು ಒಣ ಹೊಲಕ್ಕೆ ಚೆಲ್ಲಿ. ಅದು ಕಾಲುವೆಗೂ ಹೋಗಬಾರದು.

3. ಮೈತೂಕದ ಶೇ 2-3ರಷ್ಟು ಮಾತ್ರ ಮೇವು ಕೊಡಿ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ, ತೆಗೆದ ನೀರು ಹೊಲಕ್ಕೆ.

4. ಗೆಂಡೆ ಮರಿಯಾದರೆ ನೀರು 20ರಿಂದ 28 ಡಿಗ್ರಿ ನಡುವೆ ಇರುವ ಕಾಲದಲ್ಲೇ ಈ ಪರೀಕ್ಷೆ ನಡೆಯಲಿ. ಸುಡುಬಿಸಿಲಿನ ನೀರಿನಲ್ಲಿ ಮೂರು ವಾರ ಇಟ್ಟರೆ ವೈರಸ್ ಅಡಗಿಕೊಂಡಿದ್ದು ಮೀನು ಚೆನ್ನಾಗಿಯೇ ಕಾಣುತ್ತದೆ. ಒಂದು ಥರ್ಮಾಮೀಟರ್ ಇಳಿಬಿಟ್ಟು ಬೆಳಿಗ್ಗೆ, ಮಧ್ಯಾಹ್ನ ಬರೆದಿಡಿ.

5. ನಿಮ್ಮ ಹಳೆ ಹೊಂಡದಲ್ಲಿ ಗೆಂಡೆ ಇದ್ದರೆ ಅಲ್ಲಿಂದ ಹತ್ತು ಮೀನನ್ನು ಗುರುತು ಮಾಡಿ ಈ ಟ್ಯಾಂಕಿಗೆ ಬಿಡಿ. ಹೊಸ ಮರಿಗಳು ಹೊತ್ತು ತಂದದ್ದಿದ್ದರೆ ಈ ಹತ್ತರಲ್ಲಿ ಮೊದಲು ಕಾಣುತ್ತದೆ. ಮುಗಿದ ಮೇಲೆ ಇವನ್ನು ಹಳೆ ಹೊಂಡಕ್ಕೆ ಮರಳಿಸಬೇಡಿ.

ಮರಿಗಳನ್ನು ಉಪ್ಪುನೀರಿನಲ್ಲೋ ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲೋ ಅದ್ದಿ ಬಿಟ್ಟರೆ ರೋಗ ಹೋಯಿತೆಂದು ತಿಳಿಯುವವರಿದ್ದಾರೆ. ಹೊರಮೈಯ ಹೇನು, ಬೂಸ್ಟಿಗೆ ಅದು ಉಪಯೋಗ. ಮೈಯೊಳಗಿನ ವೈರಸ್ಸಿಗೆ ಅದು ತಾಗುವುದೇ ಇಲ್ಲ.

ನೀರು ಮತ್ತು ಬಲೆ

ಆಲಮಟ್ಟಿ, ನಾರಾಯಣಪುರ, ಹಿಡಕಲ್, ನವಿಲುತೀರ್ಥದ ಕಾಲುವೆ ನೀರಿನ ಜೊತೆ ಹಿನ್ನೀರಿನ ಕಾಡುಜಿಲೇಬಿ, ಸಣ್ಣ ಮೀನು, ಏಡಿ ಹರಿದು ಬರುತ್ತವೆ. ಒಳಬರುವ ಪೈಪಿನ ಬಾಯಿಗೆ 60 ಮೆಶ್‌ನ (ಇಂಚಿಗೆ 60 ಕಣ್ಣಿನ) ಉದ್ದ ಬಲೆಚೀಲ ಕಟ್ಟಿ, ದಿನವೂ ಬಿಚ್ಚಿ ತೊಳೆಯಿರಿ. ವೈರಸ್ ಈ ಚೀಲದಲ್ಲಿ ನಿಲ್ಲದು. ಅದನ್ನು ಹೊತ್ತ ಮೀನು ನಿಲ್ಲುತ್ತದೆ, ಬೇಕಾದದ್ದು ಅಷ್ಟೇ. ಬಹಳ ದಿನ ಬಂದಾಗಿದ್ದ ಕಾಲುವೆಗೆ ಮೊದಲು ಬಿಡುವ ನೀರನ್ನು ಹೊಂಡಕ್ಕೆ ತಿರುಗಿಸದೆ ಎರಡು ದಿನ ಬೆಳೆಗೆ ಹಾಯಿಸಿ. ಮೀನಿಲ್ಲದ ಇನ್ನೊಂದು ಸಣ್ಣ ತೊಟ್ಟಿ ಇದ್ದರೆ ನೀರನ್ನು ಅಲ್ಲಿ ಒಂದು ವಾರ ನಿಲ್ಲಿಸಿ ಆಮೇಲೆ ಬಳಸಿ. ಆಶ್ರಯಕ್ಕೆ ಮೀನಿಲ್ಲದ ನೀರಿನಲ್ಲಿ ಕೋಯಿ ಹರ್ಪಿಸ್ ವೈರಸ್ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಬೋರ್ ನೀರು ಈ ವಿಷಯದಲ್ಲಿ ಸುರಕ್ಷಿತ, ಮೇಲಿಂದ ಚಿಮ್ಮಿಸಿ ಗಾಳಿ ತುಂಬಿ ಬಿಡಬೇಕಷ್ಟೇ.

ನೀರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಬಾಡಿಗೆ ಬಲೆಗೆ. ಮೀನು ಹಿಡಿಯುವ ತಂಡ ಬೆಳಿಗ್ಗೆ ಒಂದು ಊರಿನ ಹೊಂಡದಲ್ಲಿ ಎಳೆದ ಒದ್ದೆ ಬಲೆಯನ್ನೇ ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಎಳೆಯುತ್ತದೆ. ಬಲೆ, ಬುಟ್ಟಿ, ತಕ್ಕಡಿಯ ತಟ್ಟೆ, ಕಾಲಿನ ಗಂಬೂಟು ಇವೆಲ್ಲವನ್ನೂ ನಿಮ್ಮ ಹೊಂಡಕ್ಕೆ ಇಳಿಯುವ ಮೊದಲೇ ಶುದ್ಧ ಮಾಡಿಸಿ. ಕೆಸರು, ಲೋಳೆ, ಹುರುಪೆ ಹೋಗುವಂತೆ ಮೊದಲು ಸಾದಾ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಏಕೆಂದರೆ ಕೊಳೆ ಇದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ. ಬಳಿಕ 100 ಲೀಟರ್ ನೀರಿನ ಡ್ರಮ್ಮಿಗೆ ಶೇ 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 70 ಗ್ರಾಂ ಹಾಕಿ ಕಲಸಿ, 30 ನಿಮಿಷ ಮುಳುಗಿಸಿಡಿ. ಇದರಲ್ಲಿ ಸುಮಾರು 200 ಪಿಪಿಎಂ, ಅಂದರೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ಚೀಲ ಬಾಯಿ ತೆರೆದು ಆರು ತಿಂಗಳು ಮೂಲೆಯಲ್ಲಿ ಬಿದ್ದಿದ್ದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೊಸದನ್ನೇ ತನ್ನಿ. ತೊಳೆದು ಎರಡು ದಿನ ಬಿಸಿಲಿಗೆ ಹರಡಿ. ಸ್ವಂತ ಎಳೆಬಲೆ ಕೊಳ್ಳಲು ನಾಲ್ಕೈದು ಹೊಂಡದವರು ಸೇರಿಕೊಂಡರೂ ಈ ತೊಳೆತ ತಪ್ಪದು.

ಮಾರುಕಟ್ಟೆಯಲ್ಲಿ ಉಳಿದ ಮೀನಿನ ತಲೆ, ಕರುಳನ್ನು ಹಸಿಯಾಗಿ ಮೇವು ಮಾಡಬೇಡಿ. ಕೊಕ್ಕರೆ, ನೀರುಕಾಗೆ ಸತ್ತ ಮೀನನ್ನು ಎತ್ತಿಕೊಂಡು ಪಕ್ಕದ ಹೊಂಡದಲ್ಲಿ ಬೀಳಿಸುತ್ತವೆ. ಮೇಲೆ ಬಲೆ ಹೊದಿಸಲು ಆಗದಿದ್ದರೂ ಸತ್ತ ಮೀನನ್ನು ದಂಡೆಯ ಮೇಲೆ ಬಿಡದಿರುವುದು ನಿಮ್ಮ ಕೈಯಲ್ಲಿದೆ.

ಸಾವು ಶುರುವಾದ ದಿನ

ಒಳಬರುವ, ಹೊರಹೋಗುವ ಎರಡೂ ಪೈಪುಗಳನ್ನು ಮುಚ್ಚಿ. ಹೊಂಡದ ನೀರನ್ನು ಹಳ್ಳಕ್ಕೋ ಕಾಲುವೆಗೋ ಬಿಟ್ಟರೆ ಕೆಳಗಿನ ಹೊಂಡದವರಿಗೆ ರೋಗ ಕಳಿಸಿದಂತೆ. ಮೇವನ್ನು ಪೂರ್ತಿ ನಿಲ್ಲಿಸಿ. ಪಂಪಿನಿಂದ ನೀರನ್ನು ಎತ್ತಿ ಅದೇ ಹೊಂಡಕ್ಕೆ ಚಿಮ್ಮಿಸಿ, ಮುಖ್ಯವಾಗಿ ನಸುಕಿನ 3ರಿಂದ 6 ಗಂಟೆಯವರೆಗೆ. ಕಿವಿರು ಹಾಳಾದ ಮೀನಿಗೆ ಅರ್ಧ ಜೀವ ಅಲ್ಲಿಯೇ ಉಳಿಯುತ್ತದೆ. ಆಮ್ಲಜನಕ, ಪಿಎಚ್, ಅಮೋನಿಯ ಅಳೆದು ಬರೆಯಿರಿ. ಬಲೆ ಎಳೆಯಬೇಡಿ. ಎಳೆದಾಗ ಆಗುವ ಗಾಯ ಮತ್ತು ಗಾಬರಿಯೇ ಉಳಿದ ಮೀನಿನ ಸಾವಿಗೆ ಸಾಕು.

ಸತ್ತ ಮೀನನ್ನು ದಿನಕ್ಕೆ ಎರಡು ಸಲ ತೆಗೆಯಿರಿ. ಬಾವಿ, ಹಳ್ಳದಿಂದ ದೂರ, ಮೀಟರಿಗಿಂತ ಆಳದ ಗುಂಡಿಯಲ್ಲಿ ಸುಡುಸುಣ್ಣದ ಪದರದ ನಡುವೆ ಹೂಳಿ, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಿ.

ಮೀನಿನ ಈ ವೈರಸ್‌ಗಳನ್ನು ಕೊಲ್ಲುವ ಔಷಧಿ ಇಲ್ಲ. ಆಂಟಿಬಯಾಟಿಕ್ ಸುರಿದರೆ ವೈರಸ್ಸಿಗೆ ಏನೂ ಆಗುವುದಿಲ್ಲ. ವೈರಸ್ ಬಂದ ಮೀನಿಗೆ ಏರೋಮೋನಾಸ್‌ನಂಥ ಬ್ಯಾಕ್ಟೀರಿಯಾ ಮೇಲಿಂದ ಹತ್ತುವುದುಂಟು. ಅದಕ್ಕೆ ಕೊಡುವುದಿದ್ದರೂ ಪರೀಕ್ಷೆಯ ವರದಿ ನೋಡಿ, ತಜ್ಞರು ಹೇಳಿದ ಔಷಧಿಯನ್ನೇ ಕೊಡಬೇಕು. ಈ ವೈರಸ್‌ಗಳು ಮನುಷ್ಯರಿಗೆ ತಗಲುವುದಿಲ್ಲ ಎಂಬುದು ನಿಜ. ಹಾಗೆಂದು ಸಾಯುತ್ತಿರುವ ಮೀನನ್ನು ಜೀವಂತ ಮೀನಿನ ಗಾಡಿಗೆ ಹಾಕಿ ಕಳಿಸುವುದು ಸರಿಯಲ್ಲ, ಗಾಡಿ ನಿಂತ ಕಡೆಯೆಲ್ಲ ವೈರಸ್ ಇಳಿಯುತ್ತದೆ.

ಮಾದರಿ ತೆಗೆಯುವ ಕ್ರಮ

ಹೊಟ್ಟೆ ಊದಿ ತೇಲಿದ ಮೀನು ಪರೀಕ್ಷೆಗೆ ಬಾರದು. ಇನ್ನೂ ಉಸಿರಾಡುತ್ತಿರುವ, ಬಳಲಿದ ಐದರಿಂದ ಹತ್ತು ಮೀನು ಬೇಕು. ಜೊತೆಗೆ ಅದೇ ಹೊಂಡದ, ಆರೋಗ್ಯವಾಗಿ ಕಾಣುವ ಬೇರೆ ಜಾತಿಯ ಐದು ಮೀನನ್ನೂ ತೆಗೆಯಿರಿ. ಯಾವ ಜಾತಿ ವೈರಸ್ಸನ್ನು ಹೊತ್ತಿದೆ ಎಂದು ತಿಳಿಯುವ ಮಾರ್ಗ ಇದೊಂದೇ.

ಗೆಂಡೆಯಲ್ಲಿ ಕಿವಿರು, ಮೂತ್ರಪಿಂಡ, ಗುಲ್ಮ. ಜಿಲೇಬಿಯಲ್ಲಿ ಯಕೃತ್ತು, ಮಿದುಳು, ಗುಲ್ಮ. ಮರಿ ಸೀಗಡಿಯಾದರೆ ಇಡಿಯಾಗಿ. ತೊಗರಿಕಾಳಿನಷ್ಟು ತುಂಡುಗಳನ್ನು ಶೇ 95ರ ಎಥನಾಲಿನಲ್ಲಿ ಹಾಕಿ, ತುಂಡಿಗಿಂತ ದ್ರವ ಹತ್ತು ಪಟ್ಟು ಇರಲಿ. ಗಾಯ ಒರೆಸುವ ಸ್ಪಿರಿಟ್ ಇದಕ್ಕೆ ನಡೆಯದು. ಸೂಕ್ಷ್ಮದರ್ಶಕದ ಪರೀಕ್ಷೆಗೆ ಬೇರೆ ಬಾಟಲಿಯಲ್ಲಿ ಶೇ 10ರ ಫಾರ್ಮಲಿನ್ ಬೇಕು: ಅಂಗಡಿಯ ಫಾರ್ಮಲಿನ್ 1 ಭಾಗಕ್ಕೆ 9 ಭಾಗ ನೀರು. ಕೈಗವಸು ಹಾಕಿ, ಬಯಲಿನಲ್ಲಿ ಮಾಡಿ. ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪಿಸಿಆರ್ ಪರೀಕ್ಷೆಗೆ ಎಥನಾಲಿನ ಬಾಟಲಿಯನ್ನೇ ಕೊಡಬೇಕು. ಒಂದು ಮೀನಿಗೂ ಇನ್ನೊಂದಕ್ಕೂ ನಡುವೆ ಕತ್ತರಿಯನ್ನು ಒರೆಸಿ ಬೆಂಕಿಯಲ್ಲಿ ಕಾಯಿಸಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯೊಳಗೇ ಹಾಕಿ, ಪೆನ್ನಿನ ಶಾಯಿ ಎಥನಾಲಿನಲ್ಲಿ ಅಳಿಸಿಹೋಗುತ್ತದೆ. ಚೀಟಿಯಲ್ಲಿ ಜಾತಿ, ತೂಕ, ದಿನಾಂಕ, ನೀರಿನ ಉಷ್ಣತೆ, ಮರಿ ಬಂದ ದಿನ ಇರಲಿ.

ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಿಳಿಸಿ. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು ದೂರವಾದರೂ ಎಥನಾಲಿನ ಮಾದರಿಗೆ ಐಸ್ ಬೇಕಿಲ್ಲ, ದಾರಿಯಲ್ಲಿ ಕೆಡುವುದಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಬಿಡುಗಡೆ ಮಾಡಿದ ರಿಪೋರ್ಟ್ ಫಿಶ್ ಡಿಸೀಸ್ ಎಂಬ ಆ್ಯಪ್‌ನಲ್ಲೂ ಫೋಟೋ ಸಮೇತ ವರದಿ ಮಾಡಬಹುದು.

ಹೊಂಡ ಖಾಲಿ ಮಾಡಿ ಮತ್ತೆ ತುಂಬುವುದು

ವೈರಸ್ ಖಚಿತವಾದರೆ ಉಳಿದ ಮೀನನ್ನೆಲ್ಲ ತೆಗೆಯಬೇಕು. ಏನು ಮಾಡಬೇಕೆಂದು ಇಲಾಖೆಯವರೊಂದಿಗೆ ಮಾತಾಡಿ ತೀರ್ಮಾನಿಸಿ. ತಳದ ಕೊಚ್ಚೆಯಲ್ಲಿ ನಾಲ್ಕು ಜಿಲೇಬಿ ಉಳಿದರೂ ಕೆಲಸ ಕೆಟ್ಟಿತು.

ನೀರು ಪೂರ್ತಿ ಖಾಲಿ ಮಾಡಲಾಗದ ಹೊಂಡಕ್ಕೆ ಒಂದು ಘನ ಮೀಟರ್ ನೀರಿಗೆ 35 ಗ್ರಾಂ ಬ್ಲೀಚಿಂಗ್ ಪುಡಿ ಬೇಕು. ಮೇಲೆ ಹೇಳಿದ ಹೊಂಡ ತುಂಬಿದ್ದರೆ ಸುಮಾರು 29 ಕಿಲೋ, ಮೀಟರ್ ಆಳಕ್ಕೆ ಇಳಿದಿದ್ದರೆ ಆರೂವರೆ ಕಿಲೋ. ಹೀಗಾಗಿ ಮೊದಲು ನೀರು ಇಳಿಸಿ, ಆ ನೀರನ್ನು ಹಳ್ಳಕ್ಕೆ ಬಿಡದೆ ಹೊಲಕ್ಕೆ ಹಾಯಿಸಿ. ಪುಡಿಯನ್ನು ಬಕೆಟಿನಲ್ಲಿ ಕಲಸಿ ಸಂಜೆ ಹೊತ್ತು ಎರಚಿ, ಬಿಸಿಲಿನಲ್ಲಿ ಕ್ಲೋರಿನ್ ಬೇಗ ಹಾರುತ್ತದೆ. ಹತ್ತು ದಿನ ಆ ನೀರನ್ನು ಯಾವುದಕ್ಕೂ ಬಳಸಬೇಡಿ.

ಪ್ಲಾಸ್ಟಿಕ್ ಹಾಸನ್ನು ಉಜ್ಜಿ ತೊಳೆದು, ಬಲೆಗೆ ಹೇಳಿದ ಬ್ಲೀಚಿಂಗ್ ದ್ರಾವಣವನ್ನೇ ಎರಚಿ, ಒಂದು ವಾರ ಬಿಸಿಲಿಗೆ ಬಿಡಿ. ಮಣ್ಣಿನ ತಳವಾದರೆ ತೇವ ಇರುವಾಗಲೇ ಚದರ ಮೀಟರಿಗೆ ಅರ್ಧ ಕಿಲೋ ಸುಡುಸುಣ್ಣ, ಅಂದರೆ ಗುಂಟೆಗೆ 50 ಕಿಲೋ. ಪ್ರತಿ ವರ್ಷ ಮರಿ ಬಿಡುವ ಮುನ್ನ ಹಾಕುವ ಗುಂಟೆಗೆ ಎರಡು-ಎರಡೂವರೆ ಕಿಲೋ ಸುಣ್ಣ ನೀರನ್ನು ಹದ ಮಾಡಲು ಮಾತ್ರ, ಅದು ವೈರಸ್ ಕೊಲ್ಲುವಷ್ಟು ಪಿಎಚ್ ಏರಿಸದು. ಒಣ ಮಣ್ಣಿನ ಮೇಲೆ ಹಾಕಿದ ಸುಣ್ಣವೂ ಕೆಲಸ ಮಾಡುವುದಿಲ್ಲ. ಸುಣ್ಣ ಹಾಕಿ ನಾಲ್ಕು ವಾರ ಬಿಟ್ಟರೆ ನಮ್ಮ ಎರೆ ಭೂಮಿ ತಾನಾಗಿಯೇ ಅಂಗೈ ಅಗಲ ಬಿರಿಯುತ್ತದೆ, ಬಿಸಿಲು ಬಿರುಕಿನೊಳಗೆ ಇಳಿಯುತ್ತದೆ. ಎರೆ ಮಣ್ಣಿಗೆ ಮೊದಲೇ ಕ್ಷಾರ ಗುಣ ಇರುವುದರಿಂದ ನೀರು ತುಂಬಿದ ಮೇಲೆ ಪಿಎಚ್ ಅಳೆಯಿರಿ, ಅದು 8.5ಕ್ಕೆ ಇಳಿಯುವವರೆಗೆ ಮರಿ ಬೇಡ.

ನೀರು ತುಂಬಿದ ಮೇಲೂ ಎಲ್ಲ ಮರಿ ಒಮ್ಮೆಲೇ ಬಿಡಬೇಡಿ. ಹೊಂಡದೊಳಗೆ ಒಂದು ಬಲೆಪೆಟ್ಟಿಗೆ ಕಟ್ಟಿ, ಹಿಂದೆ ಯಾವ ಜಾತಿ ಸತ್ತಿತ್ತೋ ಅದೇ ಜಾತಿಯ 50 ಮರಿಗಳನ್ನು ಅದರಲ್ಲಿ ಮೂರು ವಾರ ಸಾಕಿ. ಗೆಂಡೆಯಾದರೆ ಈ ಪರೀಕ್ಷೆ ನವೆಂಬರಿನ ನಂತರ, ಜಿಲೇಬಿಯಾದರೆ ನೀರು 25 ಡಿಗ್ರಿ ದಾಟಿದಾಗ. ಐವತ್ತರಲ್ಲಿ ಐದು ಸತ್ತರೂ ಮತ್ತೆ ಮಾದರಿ ತೆಗೆದು ಕಳಿಸಿ, ಉಳಿದ ಮರಿಯನ್ನು ತಾಡಪತ್ರಿ ಟ್ಯಾಂಕಿನಲ್ಲೇ ಇಟ್ಟುಕೊಳ್ಳಿ.